ಎರಡು ನುಡಿಗಳ ತಾಯಿ: ಜಯದೇವಿತಾಯಿ ಲಿಗಾಡೆ

ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ ಪಾವನಗೊಳಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆ ಪುಣ್ಯಕ್ಷೇತ್ರದಲ್ಲಿ 1912ರಲ್ಲಿ ಜಯದೇವಿತಾಯಿಯವರು ಜನಿಸಿದರು. ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಗಡಿನಾಡಿನ ನಮ್ಮ ಅನೇಕ ಮಕ್ಕಳ ಸ್ಥಿತಿಯೇ ಅವರದೂ ಆಗಿತ್ತು. ಅಕ್ಷರ ಕಲಿತದ್ದು ಮರಾಠಿಯಲ್ಲಿ; ಕನ್ನಡದ ಓದುಬರಹವನ್ನು ಮುಂದೆ ತಾವೇ ಶ್ರಮಪಟ್ಟು ಸಾಧಿಸಿದರು.

ಕನ್ನಡ ಕೈಗೂಡಿತೆಂದು ಅವರು ಮರಾಠಿಯನ್ನು ಬಿಡಲಿಲ್ಲ. ಶರಣರ ವಚನಗಳನ್ನು ಮರಾಠಿಗೆ ತಂದು, ಕನ್ನಡ ಬಾರದ ಲಿಂಗಾಯತ ಬಂಧುಗಳಿಗೂ ಮುಟ್ಟಿಸಿದರು. ಸಿದ್ಧರಾಮೇಶ್ವರರ ಪುರಾಣವನ್ನು ಕನ್ನಡದಲ್ಲಿ, ನಮ್ಮ ತಾಯಂದಿರು ಬೀಸುವಾಗ ಹಾಡುತ್ತಿದ್ದ ತ್ರಿಪದಿಯಲ್ಲಿ, ಮಹಾಕಾವ್ಯವಾಗಿ ರಚಿಸಿದರು.

ಸೊಲ್ಲಾಪುರ ಕನ್ನಡನಾಡಿಗೆ ಸೇರಬೇಕೆಂದು ತಾಯಿಯವರು ಹೋರಾಡಿದರು. 1956ರ ರಾಜ್ಯ ವಿಂಗಡಣೆಯಲ್ಲಿ ಅದು ಈಡೇರಲಿಲ್ಲ. ಗಡಿಯ ವಾದ ಬೇರೆ, ನುಡಿಯ ಮೇಲಿನ ಪ್ರೀತಿ ಬೇರೆ ಎಂಬುದಕ್ಕೆ ಎರಡೂ ಭಾಷೆಗಳಲ್ಲಿ ಅವರು ಮಾಡಿದ ಸೇವೆಯೇ ಸಾಕ್ಷಿ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. 1986ರಲ್ಲಿ ಲಿಂಗೈಕ್ಯರಾದರು.

ನಾವು ಸಂತೆಯಲ್ಲಿ, ಅಡತಿ ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿ, ತೆಲುಗು, ತಮಿಳು ಆಡುತ್ತೇವೆ. ಆಡಲೇಬೇಕು, ಅದು ನಮ್ಮ ಅನ್ನದ ದಾರಿ. ಆದರೆ ಮನೆಯಲ್ಲಿ ಕನ್ನಡದ ಓದು ನಿಂತರೆ ವಚನದ ಪುಸ್ತಕ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಳ್ಳಲಷ್ಟೇ ಉಳಿದೀತು. ಶಾಲೆಯ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಸಂಜೆ ಲಿಂಗಪೂಜೆಯಾದ ಬಳಿಕ ಅವರಿಂದ ದಿನಕ್ಕೊಂದು ವಚನವನ್ನು ಕನ್ನಡದಲ್ಲೇ ಓದಿಸೋಣ. ತಾಯಿಯವರ ಸ್ಮರಣೆಗೆ ಇದಕ್ಕಿಂತ ದೊಡ್ಡ ಸೇವೆ ಬೇರಿಲ್ಲ.