ಸೊನ್ನಲಿಗೆಯ ಸಿದ್ಧರಾಮ ಮತ್ತು ಕೆರೆ ಕಟ್ಟಿದ ಕೈಗಳು

ಸೋಲಾಪುರದ ಭುಯಿಕೋಟೆಯ ಮಗ್ಗುಲಲ್ಲಿ ಒಂದು ಕೆರೆ, ಕೆರೆಯ ನಡುವೆ ಸಿದ್ಧರಾಮೇಶ್ವರನ ಗುಡಿ. ಸಂಕ್ರಾಂತಿಯ ಜಾತ್ರೆಗೆಂದು ಅಕ್ಕಲಕೋಟೆಯ ಕಡೆಯಿಂದ ಬರುವ ಕನ್ನಡಿಗರಿಗೆ ಆ ನೀರು ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಸಿದ್ಧರಾಮನು ಇಲ್ಲಿಯೇ ಹುಟ್ಟಿದನು.

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವನ್ನು ಓದಿದವರಿಗೆ ಬಾಲ್ಯದ ಕಥೆ ತಿಳಿದದ್ದೇ. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಉಣಲು ಬೇಡಿದನು; ಹುಡುಗನು ಮೊಸರನ್ನ ತರುವಷ್ಟರಲ್ಲಿ ಮರೆಯಾದನು. ಅವನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ ಮರಳಿದವನಿಗೆ ತನ್ನೂರನ್ನು ಎರಡನೆಯ ಶ್ರೀಶೈಲವಾಗಿಸುವುದೊಂದೇ ಹಂಬಲ. ಗುಡಿ ಎದ್ದಿತು, ಲಿಂಗಗಳು ಪ್ರತಿಷ್ಠೆಗೊಂಡವು. ಆದರೆ ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಜನರು ಅವನನ್ನು ಇಂದಿಗೂ ನೆನೆಯುವುದು ಮೊದಲಿಗೆ ಕೆರೆಯ ಕಾರಣದಿಂದ.

ಕೆರೆ ಕಟ್ಟುವುದು ಭಕ್ತಿಯೊಂದರಿಂದಲೇ ಆಗುವ ಕೆಲಸವಲ್ಲ. ನೀರು ಯಾವ ಇಳಿಜಾರಿನಲ್ಲಿ ಬಂದು ನಿಲ್ಲುತ್ತದೆ, ಏರಿಗೆ ಯಾವ ಮಣ್ಣನ್ನು ತುಳಿದು ಗಟ್ಟಿಮಾಡಬೇಕು, ತೂಬು ಎಲ್ಲಿರಬೇಕು, ಕೋಡಿ ಎಷ್ಟು ಎತ್ತರದಲ್ಲಿ ಹರಿಯಬೇಕು, ಬಂಡೆಯ ಯಾವ ಎಳೆಗೆ ಉಳಿ ಇಟ್ಟರೆ ಅದು ನೇರವಾಗಿ ಸೀಳುತ್ತದೆ ಎಂಬುದೆಲ್ಲ ಒಂದು ವಿದ್ಯೆ. ಅದು ಒಡ್ಡರ ಮನೆತನಗಳಲ್ಲಿ ಕೈಯಿಂದ ಕೈಗೆ ಬಂದದ್ದು.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬರುವುದು ಈ ಕೆಲಸ ನಡೆಯುತ್ತಿರುವಾಗಲೇ. ಅವನು ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ಕಲ್ಲುಗಳು ಪ್ರಭುವನ್ನು ಮುಟ್ಟದೆ ರಾಶಿಯಾಗುತ್ತವೆ. ಹೊರಗಿನ ಕಟ್ಟಡದಿಂದ ಒಳಗಿನ ಅರಿವಿಗೆ ಸಿದ್ಧರಾಮನು ತಿರುಗಿದ ಗಳಿಗೆಯೆಂದೇ ನಾವು ಪರೀಕ್ಷೆಯಲ್ಲಿ ಇದನ್ನು ಬರೆಯುತ್ತೇವೆ. ತಪ್ಪಲ್ಲ. ಆದರೂ ಒಂದು ಕಸುಬಿನ ಹೆಸರು ಅಲ್ಲಿ ಹೀಯಾಳಿಕೆಯಾದದ್ದನ್ನು ಗಮನಿಸದೆ ದಾಟಬಾರದು. ಅದೇ ಹೆಸರಿನ ಜನ, ಇಂದಿನ ಭೋವಿ ಸಮುದಾಯ, ಸಿದ್ಧರಾಮನನ್ನು ತಮ್ಮ ಕುಲಗುರುವೆಂದು ಆರಾಧಿಸುತ್ತದೆ.

ಮುಂದೆ ಅವನು ಕಲ್ಯಾಣಕ್ಕೆ ಹೋದನು, ಚೆನ್ನಬಸವಣ್ಣನಿಂದ ದೀಕ್ಷೆ ಪಡೆದನು, ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂಕಿತದಲ್ಲಿ ವಚನಗಳನ್ನು ರಚಿಸಿದನು, ಶೂನ್ಯಪೀಠದ ಮೂರನೆಯ ಅಧ್ಯಕ್ಷನಾದನು.

ಕೆರೆ ಕಟ್ಟಿದವರ ಸಂತತಿಯ ಕಥೆ ಬೇರೆ. ಗಡಿ ರೇಖೆ ಒಂದೇ ಜನವನ್ನು ಎರಡು ಪಟ್ಟಿಗಳಿಗೆ ಹಂಚಿದೆ: ಕರ್ನಾಟಕದಲ್ಲಿ ಭೋವಿಗಳು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಡಾರರು ವಿಮುಕ್ತ ಜಾತಿ. ವಿದ್ಯೆಗಾದರೋ ಯಾವ ಪಟ್ಟಿಯಲ್ಲಿಯೂ ಸ್ಥಾನವಿಲ್ಲ. ಸೋಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. 2002ರ ಜೀವವೈವಿಧ್ಯ ಕಾಯಿದೆ ಗಿಡಮೂಲಿಕೆ, ಬೀಜಗಳನ್ನು ಬಲ್ಲವರ ತಿಳಿವಳಿಕೆಯನ್ನು ಗೌರವಿಸುತ್ತದೆ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಜಾಗತಿಕ ಒಪ್ಪಂದವೂ ಆನುವಂಶಿಕ ಸಂಪನ್ಮೂಲಗಳಿಗೆ ಹೊಂದಿಕೊಂಡ ಪಾರಂಪರಿಕ ಜ್ಞಾನದ ಮಾತನ್ನೇ ಆಡುತ್ತದೆ. ಕಲ್ಲು, ಮಣ್ಣು, ನೀರು ಬಲ್ಲವರ ಜ್ಞಾನವು ಈ ಮೂರರ ಹೊರಗೇ ಉಳಿಯಿತು. ಬಂಡೆಯನ್ನು ಸೀಳಬಲ್ಲವನಿಗೆ ಆ ಬಂಡೆಯ ಮೇಲೆ ಹಕ್ಕಿಲ್ಲ. ಗಣಿಗುತ್ತಿಗೆ ಹಿಡಿದವನ ಬಳಿ ಅವನು ಕೂಲಿ.

ಕಲ್ಯಾಣದಿಂದ ಸಿದ್ಧರಾಮನು ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥನಾದನು. ಆ ಸಮಾಧಿಯ ಸುತ್ತ ಇಂದಿಗೂ ಇರುವುದು ಅವರು ಅಗೆದ ಕೆರೆಯ ನೀರು.