ದಿವಾನ್ ಪೂರ್ಣಯ್ಯ

ಯುದ್ಧಗಳ ಸೋಲುಗೆಲುವುಗಳನ್ನು ಚರಿತ್ರೆಯು ವಿವರವಾಗಿ ಬರೆದಿಡುತ್ತದೆ. ಆ ಯುದ್ಧಗಳಿಗೆ ತಗಲಿದ ಹಣವನ್ನು ಯಾರು ತೆತ್ತರು, ಅದರಿಂದಾಗಿ ಯಾವ ಕೆರೆ ದುರಸ್ತಿಯಾಗದೆ ಉಳಿಯಿತು, ಯಾವ ಹೊಲ ಬೀಳುಬಿದ್ದಿತು ಎಂಬುದನ್ನು ಮಾತ್ರ ರಾಜ್ಯದ ಆಯವ್ಯಯದ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯದ ಈ ಲೆಕ್ಕವನ್ನು ಹತ್ತಿರದಿಂದ ಬಲ್ಲವರಾಗಿದ್ದವರು ಪೂರ್ಣಯ್ಯನವರು. ಹೈದರಾಲಿ, ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರು, ಹೀಗೆ ಮೂವರು ಪ್ರಭುಗಳ ಕಾಲದಲ್ಲಿ ಅಧಿಕಾರ ನಡೆಸಿದ ಭಾಗ್ಯವೂ ಭಾರವೂ ಅವರದಾಗಿದ್ದವು.

ಪೂರ್ಣಯ್ಯನವರು ಜನಿಸಿದ್ದು 1746ರಲ್ಲಿ, ಇಂದಿನ ತಮಿಳುನಾಡಿನ ಕೊಯಮತ್ತೂರು ಸೀಮೆಯ ಒಂದು ಬಡ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಹೊಟ್ಟೆಪಾಡಿಗಾಗಿ ವರ್ತಕರ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಸುಂದರವಾದ ಬರವಣಿಗೆ, ಚುರುಕಾದ ಬುದ್ಧಿ, ಅಂಕಿಗಳನ್ನು ಮರೆಯದ ನೆನಪಿನ ಶಕ್ತಿ ಇವು ಅವರ ಬಂಡವಾಳವಾಗಿದ್ದವು. ಶ್ರೀರಂಗಪಟ್ಟಣದ ವರ್ತಕರೊಬ್ಬರ ಮೂಲಕ ಅವರ ಸಾಮರ್ಥ್ಯವು ಹೈದರಾಲಿಯ ಗಮನಕ್ಕೆ ಬಂದಿತು. ಸ್ವತಃ ಅಕ್ಷರ ಬಾರದಿದ್ದರೂ ಮನುಷ್ಯರನ್ನು ಅಳೆಯುವುದರಲ್ಲಿ ನಿಪುಣನಾಗಿದ್ದ ಹೈದರನು ಆ ತರುಣನನ್ನು ತನ್ನ ಲೆಕ್ಕದ ಕಚೇರಿಗೆ ಸೇರಿಸಿಕೊಂಡನು. ಕೆಲವೇ ವರ್ಷಗಳಲ್ಲಿ ಪೂರ್ಣಯ್ಯನವರು ಹಣಕಾಸಿನ ಮುಖ್ಯ ಅಧಿಕಾರಿಗಳಲ್ಲಿ ಒಬ್ಬರಾದರು.

ಆ ಕಾಲದಲ್ಲಿ ಮೈಸೂರು ಸೀಮೆಗೆ ಯುದ್ಧವೆಂಬುದು ದೂರದ ಮಾತಾಗಿರಲಿಲ್ಲ. 1771ರಲ್ಲಿ ಮರಾಠರ ಸೇನೆಯು ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿ ಮೇಲುಕೋಟೆಯನ್ನು ಸೂರೆಮಾಡಿತು. 1782ರ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಸಮೀಪದ ದಂಡಿನಲ್ಲಿ ತೀರಿಕೊಂಡಾಗ, ಪೂರ್ಣಯ್ಯನವರೂ ಸಹೋದ್ಯೋಗಿ ಕೃಷ್ಣರಾಯರೂ ಆ ಸುದ್ದಿಯನ್ನು ಗುಟ್ಟಾಗಿರಿಸಿ, ಮಲಬಾರಿನ ಕಡೆಯಲ್ಲಿದ್ದ ಟಿಪ್ಪುವನ್ನು ಕರೆಸಿಕೊಂಡರು. ಸೈನ್ಯವು ಚದುರದೆ ಉಳಿಯಿತು.

1790ರಲ್ಲಿ ಆರಂಭವಾದ ಮೂರನೆಯ ಮೈಸೂರು ಯುದ್ಧವು ಕಾವೇರಿ ತೀರದ ಊರುಗಳನ್ನು ನೇರವಾಗಿ ತಟ್ಟಿತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯವರೆಗೆ ಬಂದು, ಮೇವೂ ಧಾನ್ಯವೂ ದೊರೆಯದೆ ಎತ್ತುಗಳು ಸತ್ತುಬೀಳಲು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ಮರುವರ್ಷ ಫೆಬ್ರವರಿಯಲ್ಲಿ ಇಂಗ್ಲಿಷರು, ಮರಾಠರು ಮತ್ತು ನಿಜಾಮನ ಸೇನೆಗಳು ಇಂದಿನ ಪಾಂಡವಪುರವಾದ ಹಿರೋಡೆಯ ಬಳಿ ಬೀಡುಬಿಟ್ಟವು. ನಾಗಮಂಗಲವು ಮರಾಠರ ದಾಳಿಗೆ ತುತ್ತಾಗಿ ಹಾಳಾಯಿತು. ಶ್ರೀರಂಗಪಟ್ಟಣದ ಲಾಲ್‌ಬಾಗ್ ತೋಟದ ಮರಗಳು ಮುತ್ತಿಗೆಯ ಸಲಕರಣೆಗಳಿಗಾಗಿ ಕೊಡಲಿಗೆ ಆಹುತಿಯಾದವು. ದಂಡು ನಡೆದ ದಾರಿಯಲ್ಲೆಲ್ಲ ರೈತನ ಕಣಜ ಬರಿದಾಯಿತು. ಉಳುವ ಎತ್ತು ಫಿರಂಗಿಯ ಗಾಡಿಗೆ ಹೋಯಿತು.

1792ರ ಒಪ್ಪಂದದಂತೆ ಟಿಪ್ಪುವು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಆ ಹಣ ಸಲ್ಲುವವರೆಗೆ ಅವನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಖಜಾನೆಯ ಹಣ ಇದಕ್ಕೆ ಸಾಲಲಿಲ್ಲ. ಉಳಿದುದನ್ನು ಸೈನಿಕರಿಂದಲೂ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ಕೂಡಿಸಬೇಕಾಯಿತು. ಅರ್ಧ ರಾಜ್ಯದ ಜನರು ಇಡೀ ಯುದ್ಧದ ಸಾಲವನ್ನು ತೀರಿಸಬೇಕಾದ ಪರಿಸ್ಥಿತಿ ಒದಗಿತು. ಅದೇ ದಶಕದಲ್ಲಿ ಟಿಪ್ಪುವು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕಾವೇರಿಗೆ ಅಣೆಕಟ್ಟನ್ನು ಕಟ್ಟಲು ಉದ್ದೇಶಿಸಿ, ಅದರ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವ ರೈತರಿಗೆ ಕಂದಾಯದಲ್ಲಿ ರಿಯಾಯಿತಿಯನ್ನು ಘೋಷಿಸಿ ಶಾಸನವನ್ನು ಬರೆಸಿದನು. ಆದರೆ ಆ ಕಟ್ಟೆ ಪೂರ್ಣವಾಗಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು, ಟಿಪ್ಪುವು ಹೋರಾಡುತ್ತ ಮಡಿದನು.

ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಪ್ರಭುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರೇ ಹೊಸ ಪ್ರಭುವಿನ ದಿವಾನರಾದರು. ಸೋತ ಪಕ್ಷದಲ್ಲಿದ್ದು ಗೆದ್ದವರಿಂದ ಅಧಿಕಾರವನ್ನು ಪಡೆದುದರಿಂದ ಅವರ ನಿಷ್ಠೆಯನ್ನು ಶಂಕಿಸಿದವರೂ ಉಂಟು. ಆದರೆ ಆಗ ಅವರ ಮುಂದಿದ್ದುದು ಯುದ್ಧದಿಂದ ಜರ್ಝರಿತವಾದ ನಾಡು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಲಾದ ಶ್ರೀರಂಗಪಟ್ಟಣ ದ್ವೀಪದಲ್ಲಿ, 1800ರಲ್ಲಿ ಪ್ರವಾಸ ಮಾಡಿದ ಬುಕಾನನ್ ಕಂಡದ್ದು ಸುಮಾರು 32 ಸಾವಿರ ಜನರನ್ನು ಮಾತ್ರ.

ಹೊಸ ರಾಜ್ಯದ ಕೊರಳಿಗೆ ಇನ್ನೊಂದು ಭಾರವೂ ಬಿದ್ದಿತ್ತು. ರಕ್ಷಣೆಗೆಂದು ಇರಿಸಿದ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಮೈಸೂರು ಪ್ರತಿವರ್ಷ 7 ಲಕ್ಷ ನಕ್ಷತ್ರ ವರಾಹಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ತಿಂಗಳ ಕಂತುಗಳಲ್ಲಿ ಸಲ್ಲಿಸಬೇಕಾಗಿತ್ತು. ಮಳೆ ಬರಲಿ, ಬಾರದಿರಲಿ, ಈ ಕಂತು ತಪ್ಪುವಂತಿರಲಿಲ್ಲ. ತಪ್ಪಿದರೆ ಆಡಳಿತವನ್ನೇ ವಶಪಡಿಸಿಕೊಳ್ಳುವ ಅಧಿಕಾರವು ಕಂಪನಿಗೆ ಒಪ್ಪಂದದಲ್ಲಿಯೇ ದೊರೆತಿತ್ತು.

ಇಂತಹ ಇಕ್ಕಟ್ಟಿನಲ್ಲಿ ತೆರಿಗೆಯನ್ನು ಏರಿಸುವುದೇ ಸುಲಭದ ದಾರಿಯಾಗಿ ತೋರಬಹುದಾಗಿತ್ತು. ಪೂರ್ಣಯ್ಯನವರು ಮೊದಲು ಮಾಡಿದ ಕೆಲಸ ಅದಕ್ಕೆ ವಿರುದ್ಧವಾದುದು. ಹಿಂದಿನ ಕಂದಾಯದ ಬಾಕಿಯನ್ನೆಲ್ಲ ಮನ್ನಾ ಮಾಡಿ, ಹಳೆಯ ಪದ್ಧತಿಯ ಕಂದಾಯವನ್ನೇ ಮತ್ತೆ ಗೊತ್ತುಪಡಿಸಿರುವುದಾಗಿ ಸಾರಿಸಿದರು. ಊರು ಬಿಟ್ಟ ರೈತನು ಹಳೆಯ ಸಾಲದ ಭಯದಿಂದ ಹಿಂದಿರುಗದಿದ್ದರೆ ಭೂಮಿ ಬೀಳುಬೀಳುವುದೆಂದೂ, ಬೀಳುಭೂಮಿಯಿಂದ ಯಾವ ಸರ್ಕಾರಕ್ಕೂ ಕಂದಾಯ ಬಾರದೆಂದೂ ಅವರು ಅರಿತಿದ್ದರು.

ಬಾಕಿಯ ಮನ್ನಾ ಒಂದರಿಂದಲೇ ಬೆಳೆ ಬೆಳೆಯುವುದಿಲ್ಲ, ನೀರು ಬೇಕು. ನಾಗಮಂಗಲದ ಕಡೆಯ ರೈತನು ಕೆರೆಯನ್ನು ನಂಬಿದವನು. ಅಂದು ಅತ್ತಿಕುಪ್ಪೆಯೆನಿಸಿದ್ದ ಇಂದಿನ ಕೃಷ್ಣರಾಜಪೇಟೆಯ ಸೀಮೆಗೆ ಹೇಮಾವತಿಯೂ, ಶ್ರೀರಂಗಪಟ್ಟಣದ ಗದ್ದೆಗಳಿಗೆ ಕಾವೇರಿಯ ನಾಲೆಗಳೂ ಆಧಾರ. ಒಡೆದ ಏರಿಯನ್ನು ಕಟ್ಟದೆ, ಹೂಳು ತುಂಬಿದ ಕಾಲುವೆಯನ್ನು ತೋಡದೆ ಕಂದಾಯವನ್ನು ಮಾತ್ರ ಕೇಳುವುದು ಹಾಲು ಕರೆದು ಹುಲ್ಲು ಹಾಕದಿರುವಂತೆ. ಆದುದರಿಂದ ಪೂರ್ಣಯ್ಯನವರು ರಾಜ್ಯದಾದ್ಯಂತ ಕೆರೆಕಾಲುವೆಗಳ ದುರಸ್ತಿಗೂ ರಸ್ತೆಗಳಿಗೂ ಹಣವನ್ನು ತೆಗೆದಿರಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ 1804ರಲ್ಲಿ ಪೂರ್ಣಗೊಂಡ ಸೇತುವೆ ಅವರ ಕಾಲದ ಹೆಗ್ಗುರುತು. ಕಲ್ಲುಕಂಬಗಳನ್ನು ನದಿಯಲ್ಲಿ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಚಪ್ಪಡಿಗಳನ್ನು ಹಾಸಿ, ಕಮಾನುಗಳಿಲ್ಲದೆ ನಮ್ಮ ದೇಶದ ಪದ್ಧತಿಯಲ್ಲಿಯೇ ಅದನ್ನು ನಿರ್ಮಿಸಲಾಯಿತು. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು.

ಆದರೂ ಯುದ್ಧದ ಖರ್ಚು ನಿಲ್ಲಲಿಲ್ಲ. 1803ರಲ್ಲಿ ಕಂಪನಿಯು ಮರಾಠರ ಮೇಲೆ ದಂಡೆತ್ತಿದಾಗ ಮೈಸೂರಿನ ಕುದುರೆ ಸವಾರರೂ ಎತ್ತುಗಳೂ ಧಾನ್ಯವೂ ಅದಕ್ಕೆ ಒದಗಬೇಕಾಯಿತು. 1807ರ ಪೂರಕ ಒಪ್ಪಂದದಂತೆ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿರಿಸುವ ಹೊಣೆಯೂ ಬಂದಿತು. ಅದೇ ವರ್ಷ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು.

1811ರ ಕೊನೆಯಲ್ಲಿ ಅವರು ಅಧಿಕಾರವನ್ನು ಮಹಾರಾಜರಿಗೆ ಒಪ್ಪಿಸಿದಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಗಿಲಾದ ಹಣವಿತ್ತು. ಇದನ್ನು ಹಲವರು ಅವರ ದಕ್ಷತೆಗೆ ಸಾಕ್ಷಿಯೆಂದು ಹೊಗಳಿದರು. ಪ್ರಜೆಗಳ ನಡುವೆ ಓಡಾಡಬೇಕಾಗಿದ್ದ ಹಣವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದರೆಂದು ಮತ್ತೆ ಕೆಲವರು ಆಕ್ಷೇಪಿಸಿದರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಪ್ರತಿ ತಿಂಗಳೂ ಬಾಗಿಲಲ್ಲಿ ಬಂದು ನಿಲ್ಲುವ ಸಾಲಗಾರನನ್ನು ಕಂಡವನಿಗೆ ಕೂಡಿಡುವುದೇ ವಿವೇಕವೆನಿಸುವುದು ಸಹಜ. ಆದರೆ ಹಾಗೆ ಕೂಡಿಟ್ಟ ಪ್ರತಿಯೊಂದು ವರಾಹವೂ ಒಬ್ಬ ರೈತನ ಬೆವರಿನಿಂದಲೇ ಬಂದುದಾಗಿತ್ತು. ಮುಂದಿನ ಎರಡು ದಶಕಗಳಲ್ಲಿ ಆ ಸಂಗ್ರಹವೆಲ್ಲ ಕರಗಿಹೋಯಿತು. ನಗರದ ರೈತರು ದಂಗೆಯೆದ್ದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು.

ಪೂರ್ಣಯ್ಯನವರು 1812ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಕೊನೆಯುಸಿರೆಳೆದರು. ಕಾವೇರಿಗೆ ದೊಡ್ಡ ಅಣೆಕಟ್ಟನ್ನು ಕಟ್ಟುವ ಕೆಲಸ ಮತ್ತೆ ಆರಂಭವಾದುದು ಅವರು ತೀರಿಕೊಂಡ ಸುಮಾರು ನೂರು ವರ್ಷಗಳ ಬಳಿಕ, 1911ರಲ್ಲಿ. ಟಿಪ್ಪುವಿನ ಶಾಸನವನ್ನು ಕನ್ನಂಬಾಡಿಯ ಆ ಕಟ್ಟೆಯ ಬಳಿ ಇಂದಿಗೂ ಕಾಣಬಹುದು. ಯುದ್ಧಕ್ಕೆ ಹೋದ ಹಣವು ನೀರಿಗೆ ಬರಲು ಎಷ್ಟು ತಲೆಮಾರುಗಳು ಕಾಯಬೇಕಾಯಿತೆಂಬುದನ್ನು ಆ ಕಲ್ಲು ಮೌನವಾಗಿ ಹೇಳುತ್ತದೆ.