ಡಾ. ಕೆ. ಶಿವರಾಮ ಕಾರಂತ (1902–1997): ಪುತ್ತೂರಿನ ಮುದ್ರಣ ಸಾಹಸ

ದರ್ಬೆ, ಪರ್ಲಡ್ಕ ಮೊದಲಾದ ಪ್ರದೇಶಗಳನ್ನೊಳಗೊಂಡ ಪುತ್ತೂರು ನಗರವು ಡಾ. ಕೋಟ ಶಿವರಾಮ ಕಾರಂತರ ದೀರ್ಘಕಾಲದ ಕರ್ಮಭೂಮಿಯಾಗಿತ್ತು. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ವ್ಯಾಸಂಗವನ್ನು ತೊರೆದರು. ಕಾದಂಬರಿಕಾರರೆಂದೇ ಪ್ರಸಿದ್ಧರಾದ ಇವರು ಸಾಹಿತ್ಯಕ್ಕೆ ಪ್ರವೇಶಿಸಿದ್ದು ಕವಿಯಾಗಿ ಎಂಬುದು ಹಲವರಿಗೆ ತಿಳಿದಿರಲಾರದು. 'ರಾಷ್ಟ್ರಗೀತ ಸುಧಾಕರ' ಎಂಬ ಕವನ ಸಂಕಲನವು 1924ರಲ್ಲಿ ಪ್ರಕಟವಾಯಿತು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿಯೇ ಮುದ್ರಣಾಲಯವನ್ನು ಸ್ಥಾಪಿಸಿದ್ದುದರಿಂದ ಜಿಲ್ಲೆಗೆ ಮುದ್ರಣಕಲೆ ಹೊಸತಾಗಿರಲಿಲ್ಲ. ಆದರೆ ಲೇಖಕನೇ ಮುದ್ರಕನಾಗುವುದು ಅಪರೂಪ. 1930 ಮತ್ತು 1940ರ ದಶಕಗಳಲ್ಲಿ ಕಾರಂತರು ಮುದ್ರಣ ತಂತ್ರದಲ್ಲಿ ಪ್ರಯೋಗಗಳನ್ನು ಕೈಗೊಂಡು, ತಮ್ಮ ಕಾದಂಬರಿಗಳನ್ನು ತಾವೇ ಮುದ್ರಿಸಿದರು. ಅಂದಿನ ಮೊಳೆ ಅಚ್ಚಿನ ಕೆಲಸ ಸುಲಭವಾದುದಲ್ಲ. ಗುಣಿತಾಕ್ಷರ, ಒತ್ತಕ್ಷರಗಳ ಕಾರಣ ಕನ್ನಡಕ್ಕೆ ನೂರಾರು ಬಗೆಯ ಸೀಸದ ಮೊಳೆಗಳು ಬೇಕು. ಒಂದೊಂದನ್ನೂ ಕೈಯಿಂದ ಆರಿಸಿ ಜೋಡಿಸಬೇಕು, ಕರಡಚ್ಚು ತೆಗೆದು ತಿದ್ದಬೇಕು, ಅಚ್ಚಾದ ಬಳಿಕ ಬಿಡಿಸಿ ಮರಳಿ ಆಯಾ ಖಾನೆಗೆ ಹಾಕಬೇಕು. ಈ ಹವ್ಯಾಸಕ್ಕೆ ಕಾರಂತರು ಸಾಕಷ್ಟು ಬೆಲೆ ತೆತ್ತರು. ಮುದ್ರಣದಿಂದ ಅವರಿಗೆ ಆರ್ಥಿಕ ನಷ್ಟವೇ ಉಂಟಾಯಿತು.

ಆದರೂ ಪುಸ್ತಕ ನಿರ್ಮಾಣದ ಉತ್ಸಾಹ ಕುಂದಲಿಲ್ಲ. ಮಕ್ಕಳಿಗಾಗಿ 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದಿದ್ದ ಅವರು, 1959ರಿಂದ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ರಚಿಸಿದರು. ಇಂತಹ ಕೋಶಗಳನ್ನು ಒಬ್ಬರೇ ಸಿದ್ಧಪಡಿಸಿದುದು ಇಂದಿಗೂ ಅಚ್ಚರಿಯ ಸಂಗತಿ. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಮುಂದೆ ಸಾಲಿಗ್ರಾಮದಲ್ಲಿ ನೆಲೆಸಿದ ಕಾರಂತರು 1997ರ ಡಿಸೆಂಬರ್ 9ರಂದು ನಿಧನ ಹೊಂದಿದರು. ಪುತ್ತೂರಿನ ಪರ್ಲಡ್ಕದಲ್ಲಿರುವ ಅವರ 'ಬಾಲವನ'ವನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.